ಕಾಯಿಲೆಗೆ ಗಾಂಜಾ ಬಳಸಿ ಕೇಸಾದವರ ಜೊತೆ ಶಿಕ್ಷೆಯ ದಿನ ನಿಲ್ಲುವುದು ಹೇಗೆ: ಮುಂಬೈ ಕನ್ನಡಿಗರಿಗೆ

ನಿಮ್ಮ ಪರಿಚಯದವರೊಬ್ಬರು ನೋವು ತಡೆಯಲಾರದೆ ಗಾಂಜಾ ಬಳಸಿ ಪೊಲೀಸರ ಕೈಗೆ ಸಿಕ್ಕಿದ್ದಾರೆ, ಕೇಸು ಈಗ ತೀರ್ಪಿನ ಹತ್ತಿರ ಬಂದಿದೆ ಎಂದುಕೊಳ್ಳಿ. ಮನೆಯವರು ಮರ್ಯಾದೆಗೆ ಅಂಜಿ ಯಾರಿಗೂ ಹೇಳಿಲ್ಲ. ಸಂಘದಲ್ಲಿ ಗುಸುಗುಸು ನಡೆದಿದೆ. ಸಹಾಯ ಮಾಡೋಣ ಎಂದು ಮನಸ್ಸಿದ್ದವರಿಗೂ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಿಲ್ಲ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ವಾದ ಮಾಡುವುದು ವಕೀಲರ ಕೆಲಸ, ಅದರಲ್ಲಿ ನಾವು ಕೈ ಹಾಕಬಾರದು. ಆದರೆ ಕಟಕಟೆಯಲ್ಲಿ ನಿಂತವರು ಯಾರು, ಅವರ ಕಾಯಿಲೆ ಏನು, ನಾಳೆ ಅವರನ್ನು ನೋಡಿಕೊಳ್ಳುವವರು ಯಾರು ಎಂಬುದು ವಕೀಲರಿಗೂ ಪೂರ್ತಿ ಗೊತ್ತಿರುವುದಿಲ್ಲ. ಅದನ್ನು ಕಾಗದದಲ್ಲಿ ಇಳಿಸಿ, ಸರಿಯಾದ ಹೊತ್ತಿಗೆ, ಸರಿಯಾದ ದಾರಿಯಲ್ಲಿ ಕೋರ್ಟಿಗೆ ಮುಟ್ಟಿಸಬೇಕು. ಇದು ಅವರನ್ನು ಬಲ್ಲ ನಮ್ಮಿಂದ ಮಾತ್ರ ಆಗುವ ಕೆಲಸ.

ಮೊದಲು ಚಾರ್ಜ್‌ಶೀಟ್ ನೋಡಿ

ಭಾವನೆ ಆಮೇಲೆ. ಮೊದಲು ವಕೀಲರ ಹತ್ತಿರ ಕೂತು ಎರಡು ವಿಷಯ ಕೇಳಿ: ಯಾವ ಕಲಂ, ಎಷ್ಟು ತೂಕ. ಇಡೀ ಕೇಸು ಈ ಎರಡರ ಮೇಲೆ ನಿಂತಿರುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಇರುವ ಕಾನೂನು 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ. ಅದರ 8ನೇ ಕಲಂ ಔಷಧಿ ಮತ್ತು ವಿಜ್ಞಾನದ ಉದ್ದೇಶಕ್ಕೆ ಜಾಗ ಬಿಟ್ಟಿದೆ, ನಿಜ. ಆದರೆ ಅದು ಲೈಸೆನ್ಸು, ಪರ್ಮಿಟ್ಟಿನ ಮೂಲಕ ನಡೆಯುವ ವ್ಯವಹಾರ. 'ನಾನು ರೋಗಿ, ಔಷಧಿಗೆ ಇಟ್ಟುಕೊಂಡಿದ್ದೆ' ಎಂದರೆ ಗಾಂಜಾ ಇಟ್ಟುಕೊಂಡವರು ಕೇಸಿನಿಂದ ಪಾರಾಗುವುದಿಲ್ಲ. ಇದನ್ನು ಮನೆಯವರಿಗೆ ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ. ಕಾಯಿಲೆಯ ಕಾಗದಪತ್ರ ಕೆಲಸಕ್ಕೆ ಬರುವುದು ಶಿಕ್ಷೆ ಎಷ್ಟು ಎನ್ನುವ ಹಂತದಲ್ಲಿ.

ಗಾಂಜಾ 1 ಕಿಲೋವರೆಗೆ ಇದ್ದರೆ ಅದು ಸಣ್ಣ ಪ್ರಮಾಣ. 20ನೇ ಕಲಮಿನಡಿ ಒಂದು ವರ್ಷದವರೆಗೆ ಕಠಿಣ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ 'ಅಥವಾ' ಇದೆಯಲ್ಲ, ನಾವು ಮಾಡುವ ಕೆಲಸವೆಲ್ಲ ಅದಕ್ಕಾಗಿಯೇ. ಜೈಲಿಲ್ಲದೆ ಬರೀ ದಂಡ ಹಾಕುವುದಕ್ಕೂ ಕಾನೂನಿನಲ್ಲಿ ಅವಕಾಶ ಇದೆ. ಸಣ್ಣ ಪ್ರಮಾಣ ದಾಟಿ 20 ಕಿಲೋ ಮುಟ್ಟುವ ಮುಂಚೆ 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಇಲ್ಲಿ ಕನಿಷ್ಠ ಶಿಕ್ಷೆ ಅಂತ ಇಲ್ಲ. ಅದರಿಂದಾಚೆಯ ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠವೇ 10 ವರ್ಷ, ಯಾರ ಪತ್ರ ಬಂದರೂ ಕೋರ್ಟು ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ಗಾಂಜಾ ಎಣ್ಣೆ ಬಳಸುವ ರೋಗಿಗಳ ಮನೆಯವರು ಇನ್ನೊಂದು ವಿಷಯ ತಿಳಿದಿರಬೇಕು. ಕಾಯ್ದೆಯ ಪ್ರಕಾರ ಹ್ಯಾಶಿಷ್ ಎಣ್ಣೆ ಚರಸ್ (ಗಾಂಜಾ ಗಿಡದಿಂದ ತೆಗೆದ ಅಂಟು) ಲೆಕ್ಕಕ್ಕೆ ಹೋಗುತ್ತದೆ. ಚರಸ್‌ಗೆ ಸಣ್ಣ ಪ್ರಮಾಣ ಎಂದರೆ 100 ಗ್ರಾಂ ಮಾತ್ರ, ಒಂದು ಕಿಲೋಗೆ ವಾಣಿಜ್ಯ ಪ್ರಮಾಣ. ಜೊತೆಗೆ, ಮಾದಕ ವಸ್ತುವನ್ನು ಬೇರೆ ಏನಾದರೂ ಸೇರಿಸಿ ಮಿಶ್ರಣ ಮಾಡಿದ್ದರೆ ಮಿಶ್ರಣದ ಒಟ್ಟು ತೂಕವನ್ನೇ ಹಿಡಿಯಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ತೂಕದ ಬಗ್ಗೆ ನೀವೇ ಊಹೆ ಮಾಡಿಕೊಂಡು ಮನೆಯವರಿಗೆ ಧೈರ್ಯ ಹೇಳಬೇಡಿ.

ಇನ್ನು ಕಲಂ. ಸೇವನೆಯ ಕೇಸು 27ನೇ ಕಲಮಿನಲ್ಲಿ ಬರುತ್ತದೆ: ಗಾಂಜಾಕ್ಕೆ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಟ್ಟುಕೊಂಡಿದ್ದ ಕೇಸು 20ರಲ್ಲಿ. ಕೇಳಲು ಎರಡೂ ಒಂದೇ ಅನ್ನಿಸುತ್ತದೆ, ಆದರೆ ಒಳಗೆ ದೊಡ್ಡ ವ್ಯತ್ಯಾಸ ಇದೆ. 18 ವರ್ಷ ದಾಟಿದವರಿಗೆ 1958ರ ಪ್ರೊಬೇಷನ್ ಕಾಯ್ದೆ 27ಕ್ಕೆ ಅನ್ವಯಿಸುತ್ತದೆ, 20ಕ್ಕೆ ಅನ್ವಯಿಸುವುದಿಲ್ಲ. ಅಂದರೆ 27 ಮಾತ್ರ ಇದ್ದರೆ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಿ ಎಂದು ವಕೀಲರು ಕೇಳಬಹುದು. ಆಗ ಪ್ರೊಬೇಷನ್ ಅಧಿಕಾರಿ ಮನೆಗೆ ಬಂದು ಅಕ್ಕಪಕ್ಕ ವಿಚಾರಿಸುವ ಸಾಧ್ಯತೆಯೂ ಇದೆ. ಚಾಳಿನಲ್ಲಿ, ಸೊಸೈಟಿಯಲ್ಲಿ ನಿಮ್ಮನ್ನು ಕೇಳಿದರೆ ಬಾಗಿಲು ಹಾಕಿಕೊಳ್ಳಬೇಡಿ. ಗೊತ್ತಿದ್ದದ್ದನ್ನು ಗೊತ್ತಿದ್ದ ಹಾಗೆ ಹೇಳಿ.

ರೋಗಿಯೋ, ವ್ಯಸನಿಯೋ

ನನ್ನ ಪ್ರಕಾರ ಇದೇ ಅತಿ ಕಷ್ಟದ ತೀರ್ಮಾನ, ಮತ್ತು ಇದನ್ನು ಅವಸರದಲ್ಲಿ ಮಾಡುವುದೇ ಜಾಸ್ತಿ. ಕಾಯ್ದೆಯ 39ನೇ ಕಲಮಿನಲ್ಲಿ ಒಂದು ದಾರಿ ಇದೆ. 27ರಡಿ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ತಪ್ಪಿತಸ್ಥರಾದ ವ್ಯಸನಿಯನ್ನು ಕೋರ್ಟು ತಕ್ಷಣ ಜೈಲಿಗೆ ಕಳಿಸದೆ, ಅವರ ಒಪ್ಪಿಗೆ ಪಡೆದು, ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ವ್ಯಸನಮುಕ್ತಿ ಚಿಕಿತ್ಸೆಗೆ ಬಿಡಬಹುದು. ಒಂದು ವರ್ಷದೊಳಗೆ ಚಿಕಿತ್ಸೆಯ ರಿಪೋರ್ಟ್ ಕೊಡಬೇಕು. ಅದು ಸರಿ ಇದ್ದರೆ, ಗರಿಷ್ಠ ಮೂರು ವರ್ಷದ ಮುಚ್ಚಳಿಕೆ ಬರೆಸಿಕೊಂಡು ಎಚ್ಚರಿಕೆ ಹೇಳಿ ಬಿಡಬಹುದು.

ಕೇಳಲು ಚೆನ್ನಾಗಿದೆ. ಆದರೆ ಇದು ಸಿಗುವುದು ವ್ಯಸನಿಗೆ, ಅಂದರೆ ಮಾದಕ ವಸ್ತುವಿನ ಮೇಲೆ ಅವಲಂಬನೆ ಇರುವವರಿಗೆ. ಕಿಮೋ ವಾಕರಿಕೆ ತಡೆಯಲಾಗದೆ ವಾರಕ್ಕೆರಡು ಸಲ ಬಳಸಿದ ಐವತ್ತು ದಾಟಿದ ಹೆಂಗಸನ್ನು ವ್ಯಸನಿ ಎಂದು ಬರೆಸಿಬಿಟ್ಟರೆ ಆಗ ಜೈಲು ತಪ್ಪೀತು, ಆದರೆ ಆ ಮಾತು ಕೋರ್ಟಿನ ದಾಖಲೆಯಲ್ಲಿ ಉಳಿಯುತ್ತದೆ, ಜೊತೆಗೆ ಅವರಿಗೆ ಬೇಕಿಲ್ಲದ ಚಿಕಿತ್ಸೆಗೆ ಬದ್ಧರಾಗಬೇಕಾಗುತ್ತದೆ. ಇನ್ನು ಕೆಲವರಿಗೆ ನೋವಿಗೆಂದು ಶುರುವಾಗಿದ್ದು ನಿಜವಾಗಿಯೂ ಬಿಡಲಾಗದ ಹಂತಕ್ಕೆ ಹೋಗಿರುತ್ತದೆ. ಅಂಥವರಿಗೆ 39 ನಿಜಕ್ಕೂ ಉಪಕಾರಿ. ಯಾವುದು ಎಂದು ತೀರ್ಮಾನಿಸಬೇಕಾದವರು ರೋಗಿ, ಅವರ ಡಾಕ್ಟರು, ವಕೀಲರು. ಅಣ್ಣ, ಮಾವ, ಸಂಘದ ಕಾರ್ಯದರ್ಶಿ ಅಲ್ಲ. ನೀವು ಮಾಡಬೇಕಾದದ್ದು ಮೂವರೂ ಒಮ್ಮೆ ಕೂತು ಮಾತಾಡುವ ಹಾಗೆ ಮಾಡುವುದು, ಅದೂ ತೀರ್ಪಿನ ಹಿಂದಿನ ದಿನ ಅಲ್ಲ, ಸಾಕಷ್ಟು ಮುಂಚೆ.

39ನೇ ಕಲಂ ಕೋರ್ಟಿಗೆ ಏನು ನೋಡಬೇಕು ಎಂದೂ ಹೇಳುತ್ತದೆ: ವಯಸ್ಸು, ನಡತೆ, ಹಿಂದಿನ ಇತಿಹಾಸ, ದೇಹದ ಅಥವಾ ಮನಸ್ಸಿನ ಸ್ಥಿತಿ. ಆ ಕಲಂ ಕೇಳದಿದ್ದರೂ ನಿಮ್ಮ ಫೈಲಿನಲ್ಲಿ ಇಷ್ಟು ಇರಲಿ.

'ಗುನ್ಹಾ ಕಬೂಲ್' ಎನ್ನುವ ಮೊದಲು

ಮ್ಯಾಜಿಸ್ಟ್ರೇಟ್ ಕೋರ್ಟಿನ ಕಾರಿಡಾರಿನಲ್ಲಿ ಯಾರಾದರೊಬ್ಬರು ಸಿಕ್ಕೇ ಸಿಗುತ್ತಾರೆ: 'ಗುನ್ಹಾ ಕಬೂಲ್ ಮಾಡಿ, ದಂಡ ಕಟ್ಟಿ, ಮನೆಗೆ ಹೋಗಿ.' ಸುಸ್ತಾಗಿರುವ ರೋಗಿಗೆ ಅದು ದೊಡ್ಡ ಸಮಾಧಾನ. ಕೆಲವೊಮ್ಮೆ ಅದೇ ಸರಿಯಾದ ದಾರಿಯೂ ಆಗಿರಬಹುದು. ಆದರೆ ಒಪ್ಪಿಕೊಂಡರೆ ಶಿಕ್ಷೆಯಾದವರು ಎಂದೇ ದಾಖಲಾಗುತ್ತದೆ, ಪಾಸ್‌ಪೋರ್ಟು, ಸರ್ಕಾರಿ ಕೆಲಸದ ವಿಚಾರಣೆಗಳಲ್ಲಿ ಅದು ಎದುರಾಗುತ್ತದೆ. ಮುಂದೆ ಇನ್ನೊಮ್ಮೆ ಸಿಕ್ಕಿದರೆ 31ನೇ ಕಲಂ ಪ್ರಕಾರ ಗರಿಷ್ಠ ಶಿಕ್ಷೆ ಒಂದೂವರೆ ಪಟ್ಟಿಗೆ ಏರುತ್ತದೆ. ಒಪ್ಪಿಕೊಂಡ ಮೇಲೆ ತೀರ್ಪಿನ ವಿರುದ್ಧ ಅಪೀಲು ಹೋಗುವುದೂ ಕಷ್ಟ, ಶಿಕ್ಷೆ ಜಾಸ್ತಿಯಾಯಿತು ಅಥವಾ ಅದು ಕಾನೂನಿನಂತೆ ಇಲ್ಲ ಎಂದಷ್ಟೇ ಹೋಗಬಹುದು. ಕುಂದಾಪುರದಿಂದಲೋ ಕಾರ್ಕಳದಿಂದಲೋ ಚಿಕಿತ್ಸೆಗೆಂದು ಬಂದವರಿಗೆ ಮರಾಠಿ ಬರುವುದಿಲ್ಲ. ಪಂಚನಾಮೆ ಮರಾಠಿಯಲ್ಲಿರುತ್ತದೆ, ಎಲ್ಲಿ ತೋರಿಸಿದರೆ ಅಲ್ಲಿ ಸಹಿ ಹಾಕಿರುತ್ತಾರೆ. ತನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಎಂದು ಕೇಳುವ ಹಕ್ಕು ಅವರಿಗಿದೆ. ಕನ್ನಡ, ಮರಾಠಿ ಎರಡೂ ಬರುವ ಒಬ್ಬರು ಪ್ರತಿ ತಾರೀಕಿಗೂ ಜೊತೆಗಿರಲಿ. ಇದೊಂದು ಕೆಲಸವನ್ನು ಯಾವ ಸಂಘವೂ ಖರ್ಚಿಲ್ಲದೆ ಮಾಡಬಹುದು.

ವಕೀಲರಿಗೆ ಹಣ ಇಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಹೆಂಗಸರು, ಕಸ್ಟಡಿಯಲ್ಲಿರುವವರು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಇವರಿಗೆಲ್ಲ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗಬೇಕು.

ತೀರ್ಪಿನ ದಿನಕ್ಕೆ ಮೊದಲೇ ಫೈಲು ಸಿದ್ಧವಿರಲಿ

ಸೆಷನ್ಸ್ ಮಟ್ಟದ ಕೇಸಿನಲ್ಲಿ, ತಪ್ಪಿತಸ್ಥರು ಎಂದ ಮೇಲೆ ಶಿಕ್ಷೆಯ ಬಗ್ಗೆ ಬೇರೆಯಾಗಿ ಕೇಳಲೇಬೇಕು ಎಂದು ಕಾನೂನೇ ಹೇಳುತ್ತದೆ. ಅದು ಬರೀ ಬಾಯಿಮಾತಲ್ಲ, ಆರೋಪಿ ತನ್ನ ಪರವಾದ ಕಾಗದಪತ್ರ ಕೊಡಲು ಅವಕಾಶ ಇರಬೇಕು ಎಂದು ಸುಪ್ರೀಂ ಕೋರ್ಟ್ 1976ರಲ್ಲಿ ಸಂತಾ ಸಿಂಗ್ ಪ್ರಕರಣದಲ್ಲಿ ಹೇಳಿತು. ಸಣ್ಣ ಪ್ರಮಾಣದ ಕೇಸು ಹಾಗಲ್ಲ. ಅದು ಮ್ಯಾಜಿಸ್ಟ್ರೇಟ್ ಮುಂದೆ ಚುಟುಕಾಗಿ ನಡೆಯಬಹುದು. ತೀರ್ಪು, ಶಿಕ್ಷೆ ಎರಡೂ ಒಂದೇ ಗಳಿಗೆಯಲ್ಲಿ ಮುಗಿದುಹೋಗಬಹುದು, ನೀವು ಬ್ಯಾಗಿನಿಂದ ಕಾಗದ ತೆಗೆಯುವಷ್ಟರಲ್ಲಿ ಮುಂದಿನ ಕೇಸಿನ ಹೆಸರು ಕೂಗಿರುತ್ತಾರೆ. ಹಾಗಾಗಿ 'ಶಿಕ್ಷೆಗೆ ಬೇರೆ ತಾರೀಕು ಕೊಡ್ತಾರೆ, ಆಗ ನೋಡೋಣ' ಎಂದು ಕೂರಬೇಡಿ. ತಪ್ಪಿತಸ್ಥರು ಎಂದಾದರೆ ಶಿಕ್ಷೆಯ ಬಗ್ಗೆ ಹೇಳುವುದಿದೆ ಎಂದು ಕೇಳಲು ವಕೀಲರು ತಯಾರಾಗಿರಬೇಕು, ಅವರ ಕೈಯಲ್ಲಿ ಫೈಲು ಇರಬೇಕು.

ಫೈಲಿನಲ್ಲಿ ಮೇಲೆ ಒಂದೇ ಪುಟದ ಕಾಲಾನುಕ್ರಮ ಇರಲಿ: ಯಾವ ತಿಂಗಳು ಕಾಯಿಲೆ ಗೊತ್ತಾಯಿತು, ಯಾವಾಗ ಆಪರೇಷನ್, ಕಿಮೋ ಯಾವಾಗ, ಯಾವ ಯಾವ ಮಾತ್ರೆ ಕೊಟ್ಟರು, ಯಾವುದು ನಾಟಲಿಲ್ಲ, ಬಂಧನ ಯಾವ ದಿನ. ಅದರ ಕೆಳಗೆ ಅದೇ ಕ್ರಮದಲ್ಲಿ ಕೇಸ್ ಪೇಪರ್, ಡಿಸ್ಚಾರ್ಜ್ ಕಾರ್ಡ್, ಲ್ಯಾಬ್ ರಿಪೋರ್ಟ್. ಆಸ್ಪತ್ರೆಯ ಕಾಗದಗಳು ಸಾಮಾನ್ಯವಾಗಿ ಪ್ಲಾಸ್ಟಿಕ್ ಚೀಲದಲ್ಲಿ ಎಕ್ಸ್‌ರೇ ಜೊತೆ ಸುರುಳಿಯಾಗಿ ಕೂತಿರುತ್ತವೆ, ಮೇಲೆ ಮೆಡಿಕಲ್ ಅಂಗಡಿಯ ಬಿಲ್ಲುಗಳು, ಅರ್ಧ ಮಾಸಿದ ಅಕ್ಷರ. ಆ ಬಿಲ್ಲುಗಳನ್ನು ಬಿಸಾಡಬೇಡಿ. ವಾಂತಿ ನಿಲ್ಲಿಸುವ ಮಾತ್ರೆ, ನೋವಿನ ಮಾತ್ರೆ ತಿಂಗಳುಗಟ್ಟಲೆ ಕೊಂಡಿದ್ದಾರೆ ಎಂದರೆ ಇವರು ಮೊದಲು ಸರಿಯಾದ ದಾರಿಯಲ್ಲೇ ಪ್ರಯತ್ನ ಪಟ್ಟಿದ್ದಾರೆ ಎಂದು ಅವೇ ಹೇಳುತ್ತವೆ. ಶಾಯಿ ಹಾರಿಹೋಗುವ ಮೊದಲು ಜೆರಾಕ್ಸ್ ಮಾಡಿಸಿ. ಕನ್ನಡದಲ್ಲಿರುವ ಕಾಗದಗಳಿಗೆ ಇಂಗ್ಲಿಷ್ ಅಥವಾ ಮರಾಠಿ ಅನುವಾದ ಬೇಕಾಗುತ್ತದೆ.

ಡಾಕ್ಟರ ಪತ್ರ ಎಲ್ಲಕ್ಕಿಂತ ಮುಖ್ಯ. ಅವರು ಗಾಂಜಾ ಒಳ್ಳೆಯದು ಎಂದು ಬರೆಯಬೇಕಿಲ್ಲ, ಬರೆಯುವುದೂ ಇಲ್ಲ. ಕಾಯಿಲೆ ಏನು, ನೋವು ಎಷ್ಟು, ಜೈಲಿನಲ್ಲಿದ್ದರೆ ಚಿಕಿತ್ಸೆಗೆ ಏನು ತೊಂದರೆ, ಇನ್ನು ಮುಂದೆ ನೋವಿಗೆ ಏನು ಕೊಡುತ್ತೇವೆ, ಇಷ್ಟು ಸಾಕು. ಕೊನೆಯದು ಬಹಳ ಜನ ಮರೆಯುತ್ತಾರೆ. ಇವರು ಹೊರಗೆ ಹೋದ ಮೇಲೆ ಮತ್ತೆ ಅದನ್ನೇ ಮಾಡುತ್ತಾರಾ ಎಂಬ ಪ್ರಶ್ನೆ ಯಾವ ಜಡ್ಜ್ ಮನಸ್ಸಿನಲ್ಲೂ ಬರುತ್ತದೆ, ಅದಕ್ಕೆ ಉತ್ತರ ಕಾಗದದಲ್ಲೇ ಇರಬೇಕು. ಪರೇಲಿನ ಟಾಟಾ ಆಸ್ಪತ್ರೆಯಲ್ಲಿ ನೋವು ಶಮನಕ್ಕೆಂದೇ ಬೇರೆ ವಿಭಾಗ ಇದೆ, ಅಲ್ಲಿ ಹೆಸರು ನೋಂದಾಯಿಸಿದ ಕಾಗದ ಇದ್ದರೆ ಹಾಕಿ. ಆಯುರ್ವೇದದಲ್ಲಿ ವಿಜಯಾ ಎಂದು ಕರೆಯುವ ಭಂಗಿಯ ಔಷಧಿಗಳು ಲೈಸೆನ್ಸ್ ಇರುವ ಕಂಪನಿಗಳಿಂದ, ನೋಂದಾಯಿತ ವೈದ್ಯರ ಚೀಟಿಯ ಮೇಲೆ, ಕಾನೂನಿನ ಪ್ರಕಾರವೇ ಸಿಗುತ್ತವೆ. ಎನ್‌ಡಿಪಿಎಸ್ ಕಾಯ್ದೆ ಹೂವಿನ ತೆನೆಯನ್ನು ಗಾಂಜಾ ಎನ್ನುತ್ತದೆ, ತೆನೆ ಇಲ್ಲದ ಎಲೆ, ಬೀಜವನ್ನು ಅದರಿಂದ ಹೊರಗಿಟ್ಟಿದೆ. ಹಾಗೆಂದು ಎಲೆ ಮನೆಯಲ್ಲಿ ಇಟ್ಟುಕೊಳ್ಳಬಹುದು ಎಂದಲ್ಲ, ಮಹಾರಾಷ್ಟ್ರದಲ್ಲಿ ಭಂಗಿಗೆ ರಾಜ್ಯದ 1949ರ ಪಾನನಿಷೇಧ ಕಾಯ್ದೆಯ ಕಟ್ಟು ಇದೆ. ರೋಗಿ ಮುಂದೆ ಈ ಔಷಧಿಯ ದಾರಿ ಹಿಡಿಯುವುದಾದರೆ ವೈದ್ಯರ ಚೀಟಿ, ಅಂಗಡಿಯ ಬಿಲ್ಲು, ಲೇಬಲ್ ಇರುವ ಬಾಟಲಿ, ಮೂರೂ ಒಟ್ಟಿಗೆ ಇರಬೇಕು.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಇಲ್ಲದ ಕಾಯಿಲೆಗೆ ಸರ್ಟಿಫಿಕೇಟ್ ಮಾಡಿಸುವ ಮಾತು ಯಾರಾದರೂ ಎತ್ತಿದರೆ ಅವರನ್ನು ದೂರ ಇಡಿ. ಒಂದು ಸುಳ್ಳು ಕಾಗದ ಸಿಕ್ಕಿದರೆ ಉಳಿದ ನಿಜವಾದ ಕಾಗದಗಳನ್ನೂ ಯಾರೂ ನಂಬುವುದಿಲ್ಲ.

ಪತ್ರ ಬರೆಯಿರಿ, ಆದರೆ ಜಡ್ಜ್‌ಗೆ ಕಳಿಸಬೇಡಿ

ಅಮೆರಿಕದಲ್ಲಿ ಗಾಂಜಾ ರೋಗಿಗಳ ಪರವಾಗಿ ಕೋರ್ಟಿನಲ್ಲಿ ಜನ ಸೇರುವುದು ಹಳೆಯ ರೂಢಿ. ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲಿ ಔಷಧಿಗೆ ಗಾಂಜಾ ಒಪ್ಪಿದರೂ ಅಲ್ಲಿನ ಕೇಂದ್ರ ಸರ್ಕಾರದ ಕಾನೂನು ಒಪ್ಪಲಿಲ್ಲ. ಓಕ್ಲೆಂಡ್ ನಗರದ ಯೋಜನೆಯಡಿ ರೋಗಿಗಳಿಗೆ ಗಿಡ ಬೆಳೆಸಿದ ಎಡ್ ರೋಸೆಂಥಾಲ್ ಮೇಲೆ ಕೇಸಾದಾಗ, ಅದು ಔಷಧಿಗೆ ಎಂಬ ವಿಷಯ ಜ್ಯೂರಿಯ ಕಿವಿಗೆ ಬೀಳಲೇ ಇಲ್ಲ. ತಪ್ಪಿತಸ್ಥ ಎಂದ ಮೇಲೆ ನಿಜ ತಿಳಿದು ಜ್ಯೂರಿಯ ಹಲವರು ಬಹಿರಂಗವಾಗಿ ಬೇಸರ ಪಟ್ಟರು. 2003ರ ಜೂನ್‌ನಲ್ಲಿ ಜಡ್ಜ್ ಕೊಟ್ಟ ಶಿಕ್ಷೆ ಒಂದೇ ದಿನದ ಜೈಲು. ವಿಚಾರಣೆಯಲ್ಲಿ ಕೇಳದೇ ಹೋದದ್ದು ಶಿಕ್ಷೆಯ ಹಂತದಲ್ಲಿ ಎಷ್ಟು ತೂಕದ್ದಾಗಬಹುದು ಎಂದು ತಿಳಿಯಲು ಇಷ್ಟು ಸಾಕು.

ಆದರೆ ಅಲ್ಲಿನ ರೂಢಿಯನ್ನು ನೋಡಿ ಇಲ್ಲಿ ಜಡ್ಜ್ ಹೆಸರಿಗೆ ಅಂಚೆಯಲ್ಲಿ ಪತ್ರ ಹಾಕಬೇಡಿ. ಪರಿಚಯದವರ ಮೂಲಕ ಹೇಳಿಸುವುದು, ಮನೆ ಹತ್ತಿರ ಹೋಗುವುದು, ಎಂಎಲ್‌ಎ ಕಡೆಯಿಂದ ಫೋನ್ ಮಾಡಿಸುವುದು ಅಂತೂ ಬೇಡವೇ ಬೇಡ. ಅದು ನ್ಯಾಯದ ಕೆಲಸದಲ್ಲಿ ಕೈ ಹಾಕಿದಂತೆ, ರೋಗಿಗೇ ಪೆಟ್ಟು ಬೀಳುತ್ತದೆ. ಪತ್ರಗಳನ್ನೆಲ್ಲ ವಕೀಲರ ಕೈಗೆ ಕೊಡಿ. ಯಾವುದನ್ನು ಅಫಿಡವಿಟ್ ಮಾಡಿ ನೋಟರಿ ಮಾಡಿಸಬೇಕು, ಯಾವುದನ್ನು ಹಾಗೆಯೇ ಹಾಕಬೇಕು, ಯಾವುದನ್ನು ಹಾಕಲೇಬಾರದು ಎಂದು ಅವರು ನೋಡುತ್ತಾರೆ. ನಿಮ್ಮ ಪತ್ರ ಹಾಕಲಿಲ್ಲ ಎಂದರೆ ಬೇಜಾರು ಮಾಡಿಕೊಳ್ಳಬೇಡಿ.

ಐದಾರು ಒಳ್ಳೆಯ ಪತ್ರ ಸಾಕು. ಒಂದೇ ಒಕ್ಕಣೆಯ ಕಾಗದದ ಮೇಲೆ ಐವತ್ತು ಸಹಿ ಹಾಕಿಸಿದರೆ ಯಾರೂ ಓದುವುದಿಲ್ಲ. ಹೋಟೆಲ್ ಮಾಲೀಕರೊಬ್ಬರು ತಮ್ಮ ಕ್ಯಾಷಿಯರ್ ಬಗ್ಗೆ ಬರೆಯುವುದಾದರೆ ಹೀಗೆ ಬರೆಯಬಹುದು:

'ನಾನು ಕುರ್ಲಾದಲ್ಲಿ ಹೋಟೆಲ್ ನಡೆಸುತ್ತೇನೆ. ಇವರು 2011ರಿಂದ ನಮ್ಮಲ್ಲಿ ಗಲ್ಲಾದಲ್ಲಿದ್ದಾರೆ. ರಾತ್ರಿ ಲೆಕ್ಕ ಕೊಟ್ಟ ಮೇಲೆ ನಾನು ಮತ್ತೆ ಎಣಿಸುವುದಿಲ್ಲ. ಅವರ ಮೇಲೆ ಯಾವ ಕೇಸು ಇದೆ ಎಂದು ನನಗೆ ಗೊತ್ತಿದೆ. ಬೆನ್ನಿನ ಆಪರೇಷನ್ ಆದ ಮೇಲೆ ಅವರು ನಿಂತು ಕೆಲಸ ಮಾಡಲಾಗದೆ ಸ್ಟೂಲ್ ಹಾಕಿಸಿಕೊಂಡರು, ರಜೆ ಕೇಳಲಿಲ್ಲ. ಊರಿನಲ್ಲಿ ತಾಯಿ, ಇಲ್ಲಿ ಕಾಲೇಜಿಗೆ ಹೋಗುವ ಮಗಳು, ಇಬ್ಬರೂ ಇವರ ಸಂಬಳದ ಮೇಲೆ ಇದ್ದಾರೆ. ಅವರ ಕೆಲಸವನ್ನು ನಾನು ಬೇರೆಯವರಿಗೆ ಕೊಟ್ಟಿಲ್ಲ. ಆಸ್ಪತ್ರೆಗೆ ಹೋಗುವ ದಿನ ಸಂಬಳ ಹಿಡಿಯುವುದಿಲ್ಲ.'

ಇದರಲ್ಲಿ ಹೊಗಳಿಕೆ ಕಮ್ಮಿ, ಕಂಡದ್ದು ಜಾಸ್ತಿ. ಕೇಸು ಗೊತ್ತಿದೆ ಎಂಬ ಸಾಲು ಬಹಳ ಮುಖ್ಯ, ಇಲ್ಲದಿದ್ದರೆ ಪಾಪ ಇವರಿಗೆ ವಿಷಯವೇ ತಿಳಿಸದೆ ಬರೆಸಿಕೊಂಡಿದ್ದಾರೆ ಎನ್ನಿಸುತ್ತದೆ. ಗಾಂಜಾ ಕಾನೂನು ತಪ್ಪು, ಪೊಲೀಸರು ಸರಿಯಿಲ್ಲ ಎಂಬ ವಾದ ಪತ್ರದಲ್ಲಿ ಬೇಡ. ಕಾನೂನು ಬದಲಾಗಬೇಕು ಎಂದು ನನಗೂ ಅನ್ನಿಸುತ್ತದೆ, ಅದಕ್ಕೆ ಬೇರೆ ಜಾಗ ಇದೆ. ಈ ಪತ್ರ ಒಬ್ಬ ಮನುಷ್ಯನಿಗಾಗಿ. ಪತ್ರ ಬರೆದವರ ಪೂರ್ತಿ ಹೆಸರು, ವಿಳಾಸ, ಸಹಿ, ಗುರುತಿನ ಚೀಟಿಯ ನಕಲು ಇರಲಿ.

ಕೋರ್ಟಿನಲ್ಲಿ ಆ ದಿನ

ಕೇಸಿನ 16 ಅಕ್ಷರದ ಸಿಎನ್‌ಆರ್ ನಂಬರನ್ನು ಇಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿ ತಾರೀಕು ಬದಲಾಗಿದೆಯಾ ಎಂದು ಹಿಂದಿನ ರಾತ್ರಿಯೇ ನೋಡಿ. ಮುಂಬೈಯಲ್ಲಿ 'ಕೋರ್ಟಿಗೆ ಬನ್ನಿ' ಎಂದಷ್ಟೇ ಹೇಳಿದರೆ ಸಾಲದು. ಒಬ್ಬರು ಸಿಎಸ್‌ಎಂಟಿ ಹತ್ತಿರದ ಕಿಲ್ಲಾ ಕೋರ್ಟಿಗೆ, ಇನ್ನೊಬ್ಬರು ಫೋರ್ಟ್‌ನ ಸೆಷನ್ಸ್ ಕೋರ್ಟಿಗೆ, ಮತ್ತೊಬ್ಬರು ಅಂಧೇರಿಗೆ ಹೋಗಿ ನಿಂತಿರುತ್ತಾರೆ. ಕಟ್ಟಡ, ಮಹಡಿ, ಕೋರ್ಟ್ ನಂಬರ್ ಬರೆದು ಕಳಿಸಿ. ಡೊಂಬಿವಲಿಯಿಂದ ಬರುವವರು ಲೋಕಲ್ ತಡವಾದರೂ ಮುಟ್ಟುವಷ್ಟು ಬೇಗ ಹೊರಡಿ. ಬಾಗಿಲ ಹತ್ತಿರ ಅಂಟಿಸಿರುವ ಬೋರ್ಡಿನಲ್ಲಿ ಕೇಸಿನ ಕ್ರಮಸಂಖ್ಯೆ ನೋಡಿಕೊಳ್ಳಿ.

ಕೋರ್ಟು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತದೆ, ಹಿಂದಿನ ಬೆಂಚಿನಲ್ಲಿ ಕೂರಬಹುದು. ಆದರೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಕೋಣೆ ಚಿಕ್ಕದು, ಐದಾರು ಜನ ಒಳಗೆ ಸಾಕು, ಉಳಿದವರು ಹೊರಗೆ ಇರಲಿ. ಜಡ್ಜ್ ಬಂದಾಗ ಎದ್ದು ನಿಲ್ಲಿ. ಫೋನ್ ಪೂರ್ತಿ ಆಫ್ ಮಾಡಿ, ಸೈಲೆಂಟ್ ಅಲ್ಲ. ಫೋಟೋ, ವಿಡಿಯೋ, ಗಾಂಜಾ ಎಲೆಯ ಚಿತ್ರದ ಟೀಶರ್ಟ್, ಫಲಕ, ಘೋಷಣೆ ಯಾವುದೂ ಬೇಡ. ತಲೆ ಅಲ್ಲಾಡಿಸುವುದು, ಸರ್ಕಾರಿ ವಕೀಲರು ಮಾತಾಡುವಾಗ ಚ್ಚು ಚ್ಚು ಎನ್ನುವುದೂ ಬೇಡ. ನಿಮ್ಮ ಜೇಬಿನಲ್ಲಿ, ಬ್ಯಾಗಿನಲ್ಲಿ ಏನಿದೆ ಎಂದು ಮನೆಯಲ್ಲೇ ನೋಡಿಕೊಂಡು ಬನ್ನಿ. 'ಇವರು ನಮ್ಮವರು, ನಾವು ಬಂದಿದ್ದೇವೆ' ಎಂದು ವಕೀಲರು ಹೇಳಿದಾಗ ಎದ್ದು ನಿಂತರೆ ಸಾಕು.

ರೋಗಿಯನ್ನು ಮರೆಯಬೇಡಿ. ಅವರು ಬೆಳಿಗ್ಗೆಯಿಂದ ಏನೂ ತಿಂದಿರುವುದಿಲ್ಲ. ಮಾತ್ರೆ ಡಬ್ಬಿ, ನೀರು, ಇಡ್ಲಿಯೋ ಬಿಸ್ಕತ್ತೋ ಒಬ್ಬರ ಜವಾಬ್ದಾರಿ ಆಗಿರಲಿ. ಹೆಚ್ಚು ಹೊತ್ತು ನಿಲ್ಲಲಾಗದಿದ್ದರೆ ಕೂರಲು ಅನುಮತಿ ಕೊಡಿ ಎಂದು ವಕೀಲರು ಕೇಳಬಹುದು. ಪೊಲೀಸ್ ಕಾವಲಿನಲ್ಲಿದ್ದರೆ ಅನುಮತಿ ಇಲ್ಲದೆ ಏನನ್ನೂ ಕೈಗೆ ಕೊಡಬೇಡಿ, ಒಂದು ಮಾತ್ರೆಯನ್ನೂ.

ತೀರ್ಪು ಬಂದ ಮೇಲೆ

ದಂಡ ಹಾಕಿದರೆ ಸಾಮಾನ್ಯವಾಗಿ ಅದೇ ದಿನ ಕಟ್ಟಬೇಕಾಗುತ್ತದೆ, ಇಲ್ಲದಿದ್ದರೆ ಅದರ ಬದಲಿಗೆ ಜೈಲು ಆಗಬಹುದು. ಹಾಗಾಗಿ ನಗದು ಕೈಯಲ್ಲಿರಲಿ, ರಸೀದಿ ಇಸಿದುಕೊಳ್ಳಿ. ಮೂರು ವರ್ಷದೊಳಗಿನ ಜೈಲು ಶಿಕ್ಷೆಯಾಗಿ, ಅಷ್ಟು ದಿನ ಜಾಮೀನಿನ ಮೇಲಿದ್ದವರಾದರೆ, ಅಪೀಲು ಹಾಕುವವರೆಗೆ ಬಿಡಿ ಎಂದು ವಕೀಲರು ಅಲ್ಲೇ ಅರ್ಜಿ ಕೊಡಬಹುದು. ಆಗ ಶ್ಯೂರಿಟಿ ನಿಲ್ಲುವವರು ಆ ಹೊತ್ತಿಗೆ, ಆ ಕಟ್ಟಡದಲ್ಲಿ, ರೇಷನ್ ಕಾರ್ಡ್, ಆಧಾರ್, ಸಂಬಳ ಚೀಟಿ ಹಿಡಿದು ಇರಬೇಕು. 'ಫೋನ್ ಮಾಡಿದರೆ ಬರ್ತೇನೆ' ಎನ್ನುವವರು ಸಂಜೆಯ ಟ್ರಾಫಿಕ್ಕಿನಲ್ಲಿ ಬಂದು ಮುಟ್ಟುವಷ್ಟರಲ್ಲಿ ಕೋರ್ಟು ಎದ್ದಿರುತ್ತದೆ.

ಜೈಲಿಗೆ ಹೋಗಲೇಬೇಕಾಗಿ ಬಂದರೆ, ಔಷಧಿ ಮತ್ತು ಆಸ್ಪತ್ರೆ ತಪಾಸಣೆ ಮುಂದುವರಿಸಲು ಜೈಲಿಗೆ ಸೂಚನೆ ಕೊಡಿ ಎಂದು ಕೋರ್ಟಿಗೆ ಆಗಲೇ ಅರ್ಜಿ ಹಾಕಿಸಿ. ಕೇಸ್ ಪೇಪರಿನ ಒಂದು ಸೆಟ್ ನಕಲು ಅವರ ಜೊತೆಗೇ ಹೋಗಲಿ. ವಿಚಾರಣೆಯ ಕಾಲದಲ್ಲಿ ಕಸ್ಟಡಿಯಲ್ಲಿದ್ದ ದಿನಗಳನ್ನು ಶಿಕ್ಷೆಯಿಂದ ಕಡಿತ ಮಾಡಿದ್ದಾರಾ ಎಂದೂ ವಕೀಲರನ್ನು ಕೇಳಿ.

ತೀರ್ಪಿನ ದೃಢೀಕೃತ ನಕಲಿಗೆ ಅದೇ ದಿನ ಅರ್ಜಿ ಹಾಕಿ. ಮ್ಯಾಜಿಸ್ಟ್ರೇಟ್ ತೀರ್ಪಿನ ವಿರುದ್ಧ ಸೆಷನ್ಸ್‌ಗೆ ಹೋಗಲು ಇರುವುದು 30 ದಿನ, ಸೆಷನ್ಸ್‌ನಿಂದ ಹೈಕೋರ್ಟಿಗೆ 60 ದಿನ. 39ರಡಿ ಚಿಕಿತ್ಸೆಗೆ ಬಿಟ್ಟಿದ್ದರೆ ರಿಪೋರ್ಟ್ ಕೊಡಬೇಕಾದ ತಾರೀಕನ್ನು ಮನೆಯವರಲ್ಲದ ಒಬ್ಬರೂ ಬರೆದಿಟ್ಟುಕೊಳ್ಳಿ, ಯಾಕೆಂದರೆ ಕಾಯಿಲೆಯವರ ಮನೆಯಲ್ಲಿ ತಾರೀಕುಗಳು ಜಾಸ್ತಿ, ನೆನಪಿಡುವ ತ್ರಾಣ ಕಮ್ಮಿ. ಆ ತಿಂಗಳು ಬಂದಾಗ ಅವರ ಜೊತೆ ಆಸ್ಪತ್ರೆಗೆ ಹೋಗಿ, ರಿಪೋರ್ಟ್ ತಗೊಂಡು, ವಕೀಲರಿಗೆ ತಲುಪಿಸಿ.